ಒಗ್ಗರಣೆ ಡಬ್ಬಿಯ ಮಳೆ ಲೆಕ್ಕ

ಮಾವ ಬರುವ ಮುಂಚೆಯೇ ಸ್ಪ್ರಿಂಕ್ಲರ್ ಹಾಕಿಸಿ ಮುಗಿಸಬೇಕಿತ್ತು. ತೀರ್ಥಹಳ್ಳಿಯಿಂದ ಅವರೂ ಅತ್ತೆಯೂ ಡಲ್ಲಾಸ್‌ಗೆ ಬಂದಿಳಿದಾಗ ನಾನಿನ್ನೂ ಎಕ್ಸೆಲ್ ಶೀಟಿನ ಹದಿನಾಲ್ಕನೇ ಕಾಲಮ್ಮಿನಲ್ಲಿದ್ದೆ. ನಲವತ್ತು ವರ್ಷ ಅಡಿಕೆ ತೋಟಕ್ಕೆ ನೀರು ಬಿಟ್ಟವರ ಮುಂದೆ, ಎರಡೂವರೆ ಸಾವಿರ ಚದರಡಿ ಹುಲ್ಲಿಗೆ ನೀರು ಹಾಕುವುದು ಹೇಗೆಂದು ತಲೆ ಕೆರೆದುಕೊಳ್ಳುವ ಅಳಿಯನ ಪಾಡು ಯಾರಿಗೂ ಬೇಡ.

ಬಡಾವಣೆಯ ಸಂಘದವರು ‘ನಿಮ್ಮ ಹುಲ್ಲು ಹಳದಿಯಾಗಿದೆ’ ಎಂದು ಎರಡು ಸಲ ಪತ್ರ ಬರೆದಿದ್ದರು. ಅಂಗಳ ನೋಡಿದ ಮಾವ ‘ಹಸು ಎಲ್ಲಿ?’ ಅಂತ ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ: “ಪ್ರೆಶರ್ ಎಷ್ಟು ಬರ್ತದೆ?”

ನಾನು ಮೀಟರ್ ತರಲು ಅಂಗಡಿಗೆ ಹೊರಟೆ. ಅವರು ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ, “ಸಾಕು” ಅಂದರು.

ಟೆಕ್ಸಸ್‌ನಲ್ಲಿ ಈ ಕೆಲಸಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸಿನ ಮೂವರು ಬಂದು ನೋಡಿಹೋದರು. ಒಬ್ಬ ಎಲ್ಲ ಕಡೆ ಸ್ಪ್ರೇ ಅಂದ, ಇನ್ನೊಬ್ಬ ಎಲ್ಲ ಕಡೆ ರೋಟರ್. ಮೂರನೆಯವನು ಎರಡನ್ನೂ ಒಂದೇ ವಾಲ್ವಿಗೆ ಕೂಡಿಸಿ 4,200 ಡಾಲರ್ ಅಂದ, ಅದೇ ಕಡಿಮೆ. ಮಾವ ಅದನ್ನು ಮನಸ್ಸಿನಲ್ಲೇ ಏಳು ಕ್ವಿಂಟಾಲ್ ರಾಶಿ ಅಡಿಕೆಗೆ ಇಳಿಸಿ, ಅವನ ನಕ್ಷೆಯ ಮೇಲೆ ಬೆರಳಿಟ್ಟರು. ಸ್ಪ್ರೇ ಗಂಟೆಗೆ ಸುಮಾರು ಒಂದೂವರೆ ಇಂಚು ಸುರಿಯುತ್ತದೆ, ರೋಟರ್ ಅರ್ಧ ಇಂಚು. ಎರಡೂ ಒಂದೇ ಹೊತ್ತು ಓಡಿದರೆ ಇಲ್ಲಿ ಕೆಸರು, ಅಲ್ಲಿ ಬರ. “ಅಲ್ಲ ಮಾರಾಯ್ರೆ, ಕೂಸಿಗೂ ಅಜ್ಜಂಗೂ ಒಂದೇ ತುತ್ತಾ?” ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು. ಅವನು ಮತ್ತೆ ಫೋನ್ ಮಾಡಲಿಲ್ಲ.

ಮಾವನಿಗೆ ಬೇಕಿದ್ದದ್ದು ಟಿಕ್‌ಟಿಕ್ ಅಂತ ಸುತ್ತು ಹೊಡೆಯುವ, ತಮ್ಮ ತೋಟದಲ್ಲಿರುವಂಥ ಜೆಟ್. 1933ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೋರಾದಲ್ಲಿ ಆರ್ಟನ್ ಎಂಗಲ್‌ಹಾರ್ಟ್ ಎಂಬ ಹಣ್ಣಿನ ತೋಟದವರು ಅದನ್ನು ಕಂಡುಹಿಡಿದದ್ದು ಎಂದೆ. “ಹಂಗಾದ್ರೆ ಜೆಟ್ಟಿನ ತವರು ಇದೇ ದೇಶ. ತವರಲ್ಲೇ ಜಾಗ ಇಲ್ವಾ ಅದಕ್ಕೆ?” ಇರಲಿಲ್ಲ. ನೀರು ಬಂದಾಗ ತಲೆಯೆತ್ತಿ, ನಿಂತಾಗ ನೆಲದೊಳಗೆ ಮುಳುಗುವಂಥದ್ದೇ ಸಂಘಕ್ಕೆ ಬೇಕು.

ಕೊನೆಗೆ ತೀರ್ಮಾನ ಮಾಡಿದ್ದು ಮಣ್ಣು. ಇಲ್ಲಿಯದು ಕಪ್ಪು ಎರೆ. ಬೇಸಗೆಯಲ್ಲಿ ಬಿರುಕುಬಿಟ್ಟು ಮನೆಯ ಅಡಿಪಾಯವನ್ನೇ ಅಲ್ಲಾಡಿಸುತ್ತದೆಂದು ಜನ ಗೋಡೆಯ ಬುಡಕ್ಕೂ ನೀರು ಬಿಡುತ್ತಾರೆ. (“ಮನೆಗೇ ನೀರಾ? ಮಹಡಿ ಬೆಳೀತದಾ?” ಅಂತ ಅತ್ತೆ.) ಜೋರಾಗಿ ಸುರಿದರೆ ಎರೆಮಣ್ಣು ಕುಡಿಯದೆ ಎಲ್ಲ ರಸ್ತೆಗೆ ಹೋಗುತ್ತದೆ. ಹಾಗಾಗಿ ಸಣ್ಣ ಎಳೆಗಳಲ್ಲಿ ನಿಧಾನಕ್ಕೆ ಎರಚುವ ರೋಟರಿ ನಾಝಲ್: ಹತ್ತು ನಿಮಿಷ ಬಿಟ್ಟು, ಮುಕ್ಕಾಲು ಗಂಟೆ ಇಂಗಲು ಕೊಟ್ಟು, ಮತ್ತೆ ಹತ್ತು ನಿಮಿಷ. ಇಷ್ಟು ಅಂಗಳಕ್ಕೆ ಒಂದು ಇಂಚು ನೀರೆಂದರೆ ಸುಮಾರು 5,900 ಲೀಟರ್, ಬೆಂಗಳೂರಿನ ಒಂದು ಟ್ಯಾಂಕರ್. ಇದನ್ನು ಬೆಂಗಳೂರಿನ ನನ್ನ ಅಕ್ಕನಿಗೆ ಹೇಳಬಾರದೆಂದು ಹೆಂಡತಿ ಆಣೆ ಹಾಕಿಸಿದಳು.

ನಾಝಲ್ ಹಾಕಿಸಿದ್ದಾಯಿತು. ನೀರು ಸಮನಾಗಿ ಬೀಳುತ್ತದೋ ಎಂದು ತಿಳಿಯಲು ಟ್ಯೂನಾ ಮೀನಿನ ಖಾಲಿ ಡಬ್ಬಿಗಳನ್ನು ಹುಲ್ಲಿನ ಮೇಲೆ ಇಡಿ ಎನ್ನುತ್ತಾರೆ ಇಲ್ಲಿಯ ಬಲ್ಲವರು. ನಮ್ಮ ಮನೆಯಲ್ಲಿ ಟ್ಯೂನಾ! ಅತ್ತೆಯ ಹೆಸರು ಕೊರೆಸಿದ ಹನ್ನೆರಡು ಪಾಯಸದ ಬಟ್ಟಲು ಇಟ್ಟೆ. “ಬಾಯಿ ಅಗಲ, ತಳ ಸಣ್ಣ. ಅಳತೆ ಹೆಂಗೆ ಸರಿ ಬರ್ತದೆ?” ಎಂದು ಅತ್ತೆ ಎಲ್ಲವನ್ನೂ ಎತ್ತಿಕೊಂಡು ಹೋಗಿ, ಒಗ್ಗರಣೆ ಡಬ್ಬಿಯ ನೆಟ್ಟನೆ ಅಂಚಿನ ಏಳು ಬಟ್ಟಲು ತಂದಿಟ್ಟರು. ಹದಿನಾಲ್ಕು ಕಾಲಮ್ಮಿನಲ್ಲಿ ಈ ಮಾತಿಗೆ ಒಂದೂ ಇರಲಿಲ್ಲ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿ, “ಪೂಜೆಯೇ?” ಎಂದು ಕೇಳಿದರು. “ಹೌದು ಅಂದುಬಿಡಿ” ಅಂದರು ಅತ್ತೆ.

ಅರ್ಧ ಗಂಟೆಯಲ್ಲಿ ಸಾಸಿವೆ ಬಟ್ಟಲಿಗೆ ಐದು ಮಿಲಿಮೀಟರ್, ಜೀರಿಗೆಯದಕ್ಕೆ ಆರು. ಮೆಂತ್ಯದ್ದು ಒಣ ಒಣ. ನಾಝಲ್ ಸರಿಪಡಿಸಿದ ಮೇಲೂ ನಮ್ಮ ಮನೆಯಲ್ಲಿ ಅದು ಮೆಂತ್ಯದ ಮೂಲೆಯೇ.

ಡಲ್ಲಾಸ್‌ನಲ್ಲಿ ಸ್ಪ್ರಿಂಕ್ಲರ್ ಓಡಿಸಲು ಅಪ್ಪಣೆ ವಾರಕ್ಕೆ ಎರಡೇ ದಿನ; ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಅದೂ ಇಲ್ಲ. ನಮ್ಮ ಪಾಳಿಗೆ ಬೆಳಗಿನ ಜಾವ ನಾಲ್ಕಕ್ಕೆ ಟೈಮರ್ ಇಟ್ಟೆ. ಎಲ್ಲ ತನ್ನಷ್ಟಕ್ಕೆ ಆಗುತ್ತದೆ, ಯಾರೂ ಏಳಬೇಕಾಗಿಲ್ಲ ಎಂದು ಮಾವನಿಗೆ ಎರಡು ಸಲ ಹೇಳಿದೆ. ತಲೆಯಾಡಿಸಿದರು.

ನಾಲ್ಕೂ ಐದಕ್ಕೆ ನಮ್ಮ ಕೋಣೆಯ ಬಾಗಿಲು ಬಡಿದ ಸದ್ದು. ತೆರೆದರೆ ತಲೆಗೆ ಮಂಕಿ ಟೋಪಿ, ಕೈಯಲ್ಲಿ ಟಾರ್ಚು.

“ಏಳಿ ಅಳಿಯಂದ್ರೇ, ತ್ರೀ ಫೇಸ್ ಬಂತು.”