ಮಾಜಿ ಅರಸರ ಕಟ್ಟಿಗೆ ವ್ಯಾಪಾರ

ನಲವತ್ತೈದು ದಾಟಿದ ಗಂಡಸು ಒಂದು ಸಂಜೆ ‘ಈ ಕೆಲಸ ಸಾಕು, ಬೇರೇನಾದರೂ ಮಾಡೋಣ’ ಎಂದರೆ ಮನೆಯವರು ಮೊದಲು ಹಣೆ ಮುಟ್ಟಿ ನೋಡುತ್ತಾರೆ. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಮಾವನಿಗೆ ಫೋನು ಹೋಗುತ್ತದೆ. ಬಸವಕಲ್ಯಾಣದವರು ಮಾತ್ರ ಹೀಗೆ ಗಾಬರಿಯಾಗಬಾರದು. 12ನೇ ಶತಮಾನದಲ್ಲೇ ಒಬ್ಬರು ದೊರೆತನ ಬಿಟ್ಟು ಕಟ್ಟಿಗೆ ಮಾರಲು ಅವರೂರಿಗೆ ಬಂದಿದ್ದರು.

ಮೋಳಿಗೆಯ ಮಾರಯ್ಯನವರು ಮೊದಲು ಕಾಶ್ಮೀರದ ಅರಸ ಮಹಾದೇವ ಭೂಪಾಲ ಎಂಬುದು ಐತಿಹ್ಯ. ಬಸವಣ್ಣನವರ ಕೀರ್ತಿ ಕೇಳಿ ರಾಣಿ ಗಂಗಾದೇವಿಯೊಡನೆ ಕಲ್ಯಾಣಕ್ಕೆ ಬಂದರು. ರಾಣಿ ಇಲ್ಲಿ ಮಹಾದೇವಿಯಮ್ಮನಾದರು. ಅರಸನಿಗೆ ಬರುವ ಕೆಲಸಗಳಾದರೂ ಯಾವುವು? ಅಪ್ಪಣೆ ಕೊಡಿಸುವುದು, ಕಪ್ಪ ಎಣಿಸುವುದು, ಆಗಾಗ ದಂಡೆತ್ತಿ ಹೋಗುವುದು. ಕಲ್ಯಾಣದಲ್ಲಿ ಅಪ್ಪಣೆಗೆ ಬಿಜ್ಜಳನಿದ್ದ. ಲೆಕ್ಕಕ್ಕೆ, ಮಂಗಳವೇಢೆಯಲ್ಲಿ ಕರಣಿಕರಾಗಿ ಸೇರಿ ಭಂಡಾರಿಯಾಗಿದ್ದ ಬಸವಣ್ಣನವರೇ ಇದ್ದರು. ಆದರೆ ದಾಸೋಹದ ಊರು. ಒಲೆ ಆರುವಂತಿಲ್ಲ, ಒಲೆಗೆ ಸೌದೆ ಬೇಕು. ಮಾರಯ್ಯನವರು ಕೊಡಲಿ ಹಿಡಿದು ಕಾಡಿಗೆ ನಡೆದರು. ಕಿರೀಟ ಹೊತ್ತ ತಲೆಗೆ ಹೊರೆ ತೀರಾ ಹೊಸದೇನಲ್ಲ.

ವ್ಯಾಪಾರ ಎಷ್ಟು ಕುದುರಿತೋ ಏನೋ, ಬಂಡವಾಳ ಹಾಕುವವರು ಮಾತ್ರ ಮನೆಗೇ ಬಂದರು. ಮಾರಯ್ಯನವರಿಲ್ಲದ ಹೊತ್ತು ನೋಡಿ ಬಸವಣ್ಣನವರು ಬಂದು, ಮಹಾದೇವಿಯಮ್ಮ ಬಡಿಸಿದ ಅಂಬಲಿ ಉಂಡು, ಹೊನ್ನಿನ ಗಂಟು ಇಟ್ಟು ಹೋದರಂತೆ. ಮರಳಿ ಬಂದ ಮಾರಯ್ಯನವರು ಅಷ್ಟನ್ನೂ ಜಂಗಮರಿಗೆ ಕೊಟ್ಟು ಕೈ ತೊಳೆದುಕೊಂಡರು. ಇವತ್ತಾಗಿದ್ದರೆ ಆ ಗಂಟಿಗೆ ಸಬ್ಸಿಡಿ ಎಂದು ಹೆಸರಿಟ್ಟು, ಮೊದಲು ಆಧಾರ್ ಕಾರ್ಡಿನ ಝೆರಾಕ್ಸ್ ಕೇಳುತ್ತಿದ್ದರು. ಹುಮನಾಬಾದ್ ತಾಲ್ಲೂಕಿನ ಮೋಳಕೇರಿಯಲ್ಲಿ ಅವರ ಹೆಸರಿನ ಗವಿ ಈಗಲೂ ಇದೆ.

ಇನ್ನೊಬ್ಬರು ಆಯ್ದಕ್ಕಿ ಮಾರಯ್ಯನವರು. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದು, ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದನ್ನೇ ಕಾಯಕ ಮಾಡಿಕೊಂಡವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ಶಭಾಸ್ ಎನ್ನಲಿಲ್ಲ. ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದರು. ಕಲ್ಯಾಣದಲ್ಲಿ ಗಂಡಸರು ಕಸುಬು ಬದಲಿಸಿದರು ಸರಿ, ಆಡಿಟ್ ಮಾತ್ರ ಹೆಂಡಂದಿರ ಕೈಯಲ್ಲೇ ಇತ್ತು.

ಆ ಇಲಾಖೆ ಇನ್ನೂ ಮುಚ್ಚಿಲ್ಲ. ಬಸವಕಲ್ಯಾಣ ಈಗ ಲಾರಿಗಳ ಊರು. ಹೈದರಾಬಾದ್–ಪುಣೆ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಇಳಿದರೆ ಗ್ರೀಸು, ಡೀಸೆಲ್ಲಿನ ವಾಸನೆಯೇ ಸ್ವಾಗತಿಸುತ್ತದೆ. ಕ್ಲೀನರ್ ಆಗಿ ಹತ್ತಿದವನು ಡ್ರೈವರ್ ಆಗುತ್ತಾನೆ. ಐವತ್ತರ ಹೊತ್ತಿಗೆ ಸೊಂಟ ರಾಜೀನಾಮೆ ಕೊಡುತ್ತದೆ. ಅಂಥ ಒಂದು ಮನೆಯ ಮಾತು ಹೀಗಿರುತ್ತದೆ ಎಂದುಕೊಳ್ಳಿ:

“ರೋಡಿನ ಬಾಜು ಒಂದ್ ಧಾಬಾ ಹಾಕ್ತೀನಿ.”

“ಮನ್ಯಾಗ ಚಾ ಕಾಸಾಕ ಬರಲ್ಲ ನಿಮಗ, ಧಾಬಾ ಹಾಕ್ತಾರಂತ!”

“ಹಂಗಾರ ನನಗೇನ್ ಬರ್ತದ, ನೀನೇ ಹೇಳು.”

“ಒಳಗ ಉಣ್ಕೋತ ಕೂತು, ಓಣ್ಯಾಗ ಹೋಗೋ ಗಾಡಿ ಸಪ್ಪಳ ಕೇಳಿ ಗೇರ್‌ಬಾಕ್ಸ್ ಹೋಗ್ಯದ ಅಂತೀರಲ್ಲ. ಅದಕ್ಕ ಯಾರೂ ರೊಕ್ಕ ಕೊಡಲ್ಲೇನ್ರಿ?”

ಕೊಡುತ್ತಾರೆ. ಹಳೇ ಲಾರಿ ಕೊಳ್ಳುವವನಿಗೆ ಬೇಕಾದದ್ದು ಅಂಥದೇ ಕಿವಿ. ಬಾನೆಟ್ಟಿನ ಹೊಸ ಪೇಂಟು ಕಣ್ಣಿಗೆ ಮಣ್ಣೆರಚೀತು. ಇಂಜಿನ್ನನ್ನು ಒಮ್ಮೆ ರೇಸ್ ಮಾಡಿದರೆ ಒಳಗಿನದೆಲ್ಲ ಬಾಯಿ ಬಿಡುತ್ತದೆ. ನಮ್ಮ ಡ್ರೈವರಣ್ಣ ಮೂವತ್ತು ವರ್ಷ ಪುಕ್ಕಟೆ ಹೇಳಿದ್ದನ್ನೇ ಈಗ ದಲಾಲಿ ತಗೊಂಡು ಹೇಳುತ್ತಾನೆ. ಮನೆಯಲ್ಲಿ ಶೇಂಗಾ ಪುಡಿ ಮಾಡುವಾಗ ಮಿಕ್ಸರ್ ಸದ್ದಿಗೂ ಬೇರಿಂಗ್ ಹೋಗಿದೆ ಅನ್ನುತ್ತಾನೆ. ಆ ತಪಾಸಣೆಗೆ ಮಾತ್ರ ಇನ್ನೂ ರೇಟು ನಿಗದಿಯಾಗಿಲ್ಲ.