ಕವರ್ ವಾಸಿಗಳಿಗೊಂದು ಕಾಗದ

ಜಾಲಹಳ್ಳಿ ಕ್ರಾಸ್ ಕಡೆಯ ರಾಜಕಾಲುವೆಯಲ್ಲಿ, ಕಪ್ಪು ಕವರಿನ ಮೇಲೆ ಬಿಡಾರ ಹೂಡಿರುವ ಬ್ಯಾಕ್ಟೀರಿಯಾ ಬಂಧುಗಳಿಗೆ,

ಗೃಹಪ್ರವೇಶಕ್ಕೆ ಕರೆಯದಿದ್ದರೂ ಶುಭಾಶಯ. ಹೊಟ್ಟೆಕಿಚ್ಚು ಇಲ್ಲವೆನ್ನಲಾರೆ. ನಾನು 30×40 ಸೈಟಿಗೆ ಇಪ್ಪತ್ತು ವರ್ಷ ಕಂತು ಕಟ್ಟಿ ಈಗ ಇ-ಖಾತಾಗೆ ಅಲೆಯುತ್ತಿದ್ದೇನೆ. ನಿಮಗೆ ಬ್ರೋಕರ್ ಇಲ್ಲ, ಅಡ್ವಾನ್ಸ್ ಇಲ್ಲ, ನೀರಿನ ಟ್ಯಾಂಕರಿಗೆ ಕಾಯುವುದಿಲ್ಲ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧವಾದದ್ದು 2016ರಲ್ಲಿ. ನಿಮ್ಮ ಬಡಾವಣೆಗೆ ಮಾತ್ರ ದಿನಾ ಹೊಸ ಸೈಟು.

ಆ ಕವರ್ ನನ್ನದೇ. ಹಳಸಿದ ಸಾಂಬಾರು, ಹಳೇ ಕರೆಂಟ್ ಬಿಲ್ಲು, ಮೂರು ಮಾತ್ರೆ ಉಳಿದಿದ್ದ ಆಂಟಿಬಯೋಟಿಕ್ ಸ್ಟ್ರಿಪ್ಪು ಎಲ್ಲ ತುಂಬಿ, ಬಿಗಿಯಾಗಿ ಗಂಟು ಹಾಕಿ, ಸ್ಕೂಟರ್ ಹ್ಯಾಂಡಲಿಗೆ ನೇತುಹಾಕಿಕೊಂಡು ಬಂದು, ಜಾಲರಿ ಹರಿದಲ್ಲಿ ಕೈಬಿಟ್ಟೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇತ್ತು, ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡ ಅಂತ. ಮೆಡಿಕಲ್ ಶಾಪಿನ ಹುಡುಗ “ಎಷ್ಟು ಕೊಡ್ಲಿ ಸಾರ್?” ಅಂದ. “ಐದು ಕೊಡು, ನೋಡೋಣ” ಅಂದೆ. ಬಂದಿದ್ದು ನೆಗಡಿ! ವೈರಸ್ಸಿಗೆ ಆ ಮಾತ್ರೆ ತಾಗುವುದೇ ಇಲ್ಲ. ಎರಡು ನುಂಗುವಷ್ಟರಲ್ಲಿ ನೆಗಡಿ ತನ್ನ ಪಾಡಿಗೆ ಹೋಯಿತು. ಉಳಿದದ್ದು ನಿಮಗೆ ಪ್ರಸಾದ.

ನಿಮ್ಮ ನೆರೆಹೊರೆ ನೋಡಿ ಕಲಿಯಬೇಕು. ಪ್ಲಾಸ್ಟಿಕ್ ಮೇಲೆ ಲೋಳೆ ಹಾಸಿಕೊಂಡು ಒತ್ತೊತ್ತಾಗಿ ಬಾಳುತ್ತೀರಿ. ಔಷಧಕ್ಕೆ ಜಗ್ಗದ ಜೀನು ಒಬ್ಬರಲ್ಲಿದ್ದರೆ ಸಾಕು. ಹಿಂದೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೆಪ್ಪು ಕೇಳಲು ಹೋಗುತ್ತಿದ್ದೆವಲ್ಲ, ಹಾಗೆ, ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿಟ್ಟು ದಾಟಿಸುತ್ತೀರಿ. ಬೇರೆ ಜಾತಿಯವರಿಗೂ ಕೊಡುತ್ತೀರಂತೆ. ನಮ್ಮ ಬೀದಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡುಗಳ ಕ್ರೋಮಿಯಂ, ನಿಕೆಲ್ ನಿಮಗೆ ಗರಡಿಮನೆ. ಲೋಹ ತಾಳುವ ಜೀನೂ ಔಷಧ ತಾಳುವ ಜೀನೂ ಎಷ್ಟೋ ಸಲ ಒಂದೇ ಉಂಗುರದಲ್ಲಿರುವುದರಿಂದ, ಮಾತ್ರೆ ಸಿಗದ ದಿನವೂ ಸಾಮು ತಪ್ಪುವುದಿಲ್ಲ.

ಒಂದೇ ವಿನಂತಿ. ಎನ್‌ಡಿಎಂ-1 ಎಂಬ, ಔಷಧಕ್ಕೆ ಜಗ್ಗದ ಜೀನಿಗೆ ನವದೆಹಲಿಯ ಹೆಸರಿಟ್ಟದ್ದಕ್ಕೆ 2010ರಲ್ಲಿ ಸರ್ಕಾರ ಸಿಡಿದೆದ್ದಿತ್ತು. ದಯವಿಟ್ಟು ಜಾಲಹಳ್ಳಿಯ ಹೆಸರು ಇಟ್ಟುಕೊಳ್ಳಬೇಡಿ. ಸೈಟಿನ ರೇಟು ಬಿದ್ದುಹೋಗುತ್ತದೆ.

ಮಳೆ ಬಂದರೆ ವೃಷಭಾವತಿ ಹಿಡಿದು ಬೈರಮಂಗಲ ಕೆರೆಯವರೆಗೂ ಪ್ರಯಾಣ ಬೆಳೆಸುತ್ತೀರಿ. ಆ ನೀರಿನಲ್ಲಿ ಬೆಳೆದ ತರಕಾರಿ ಮತ್ತೆ ಬೆಂಗಳೂರಿಗೇ ಬರುತ್ತದೆ. ನೀವೂ ಜೊತೆಗೆ ಬಂದರೆ ನನ್ನ ಮನೆ ಹುಡುಕಿ ಪರದಾಡುವುದು ಬೇಡ. ಕರೆಂಟ್ ಬಿಲ್ಲಿನಲ್ಲಿ ವಿಳಾಸ ಇದೆ.

ಇಂತಿ ನಿಮ್ಮ,
ಕವರಿನ ಮಾಜಿ ಮಾಲೀಕ