ಸಮಿತಿಯ ಸುದ್ದಿ ನಾವು ಕೇಳಲಿಲ್ಲ, ಶೆಟ್ರೆ

ಮಾನ್ಯ ಹಾಲಾಡಿ ಶ್ರೀನಿವಾಸ ಶೆಟ್ಟರಿಗೆ,

ಹ್ವಾಯ್ ಶೆಟ್ರೆ, 1999ರಿಂದ 2018ರವರೆಗೆ ಐದು ಚುನಾವಣೆಗಳಲ್ಲಿ ಕುಂದಾಪುರದಿಂದ ನಿಮ್ಮನ್ನು ಗೆಲ್ಲಿಸಿದೆವು. 2023ರಲ್ಲಿ ನೀವೇ ಸಾಕು ಅಂದಿರಿ. ಇನ್ನು ನೀವು ಮತ ಕೇಳಬೇಕಿಲ್ಲ, ನಾವು ಕೆಲಸ ಕೇಳಬೇಕಿಲ್ಲ. ಹಾಗಾಗಿ ಒಂದು ಮಾತು ಕೇಳಬಹುದು: ಅಷ್ಟು ವರ್ಷ ವಿಧಾನಸಭೆಯ ಯಾವ್ಯಾವ ಸಮಿತಿಯಲ್ಲಿದ್ದಿರಿ?

ಇದನ್ನು ಇಷ್ಟು ತಡವಾಗಿ ಕೇಳುತ್ತಿರುವುದಕ್ಕೆ ಕಾರಣವಿದೆ. ಶಾಸಕರಿಗೆ ನಾವಿಟ್ಟ ಪರೀಕ್ಷೆಯ ಪಠ್ಯವೇ ಬೇರೆ. ಮದುವೆಗೆ ಬಂದ್ರಾ, ಬೊಜ್ಜದ ಊಟಕ್ಕೆ ಕೂತ್ರಾ, ಯಕ್ಷಗಾನದ ಹರಕೆ ಆಟದ ದಿನ ಚೌಕಿಯಲ್ಲಿ ಮುಖ ತೋರಿಸಿದ್ರಾ? ಇದರಲ್ಲಿ ನೀವು ಫೇಲಾದವರಲ್ಲ ಎನ್ನುವುದಕ್ಕೆ ಮತಯಂತ್ರವೇ ಸಾಕ್ಷಿ. 2012ರಲ್ಲಿ ನಿಮಗೆ ಮಂತ್ರಿಗಿರಿ ತಪ್ಪಿತೆಂದು ನಮಗೆ ಬಂದ ಸಿಟ್ಟು ಸಣ್ಣದಲ್ಲ. ಮರುವರ್ಷ ಪಕ್ಷೇತರರಾಗಿ ನಿಂತರೂ ಗೆಲ್ಲಿಸಿ ತೋರಿಸಿದೆವು. ತಪ್ಪಿದ್ದು ವಿಧಾನಸಭೆಯ ಅಂದಾಜು ಸಮಿತಿಯ ಸದಸ್ಯತ್ವವಾಗಿದ್ದರೆ? ಕುಂದಾಪುರದಲ್ಲಿ ಒಂದು ಅಂಗಡಿಯ ಬಾಗಿಲೂ ಮುಚ್ಚುತ್ತಿರಲಿಲ್ಲ.

ನಮ್ಮ ವಾರಾಹಿಯನ್ನೇ ನೋಡಿ. 1979ರಲ್ಲಿ ಒಪ್ಪಿಗೆ ಸಿಕ್ಕಾಗ ಒಂಬತ್ತು ಕೋಟಿ ಚಿಲ್ಲರೆಯ ನೀರಾವರಿ ಯೋಜನೆ. 2015ರಲ್ಲಿ ಕಾಲುವೆಗೆ ನೀರು ಬಿಡುವಷ್ಟರಲ್ಲಿ ಲೆಕ್ಕ ನೂರಾರು ಕೋಟಿಗೆ ಏರಿತ್ತು. ಇಂಥ ಖರ್ಚನ್ನು ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೆಲಸ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ಏನಾಯಿತೆಂದು ನೋಡಲು ಭರವಸೆಗಳ ಸಮಿತಿಯೇ ಉಂಟು. ನಾವು ಕೇಳಿದ್ದು ಮಾತ್ರ ಕಾಲುವೆ ನಮ್ಮ ತೋಟದ ಬದಿಗೆ ಬತ್ತಾ ಎಂದು.

ಸಮಿತಿಯಲ್ಲಿ ಮೈಮುರಿದು ದುಡಿದವರ ಗತಿಯೂ ಕಂಡಿದೆ. ಅರಕಲಗೂಡಿನ ಎ.ಟಿ. ರಾಮಸ್ವಾಮಿಯವರ ನೇತೃತ್ವದ ಜಂಟಿ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಭೂಮಿ ನುಂಗಿದವರ ಜಾತಕವನ್ನೆಲ್ಲ ಬಿಚ್ಚಿಟ್ಟು 2007ರಲ್ಲಿ ವರದಿ ಕೊಟ್ಟಿತು. 2008ರಲ್ಲಿ ಅರಕಲಗೂಡು ಬೇರೆಯವರನ್ನು ಆರಿಸಿತು. ನೀವು ಬುದ್ಧಿವಂತರು ಬಿಡಿ.

ಇನ್ನು ಖಾಸಗಿ ಮಸೂದೆ. ಮಂತ್ರಿಯಲ್ಲದ ಸದಸ್ಯನೂ ಮಸೂದೆ ತರಬಹುದಂತೆ. ಆದರೆ ಸಂಸತ್ತೇ ಇದುವರೆಗೆ ಅಂಥ ಹದಿನಾಲ್ಕನ್ನಷ್ಟೇ ಪಾಸು ಮಾಡಿದೆ, ಕೊನೆಯದು 1970ರಲ್ಲಿ. ಹಾಗಾದರೆ ಸಲೀಸಾಗಿ ದಾಟುವ ಮಸೂದೆ ಯಾವುದು? ಸಂಬಳದ್ದು. ಶಾಸಕರ ಸಂಬಳವನ್ನು ಶಾಸನಸಭೆಯೇ ಗೊತ್ತು ಮಾಡಲಿ ಎಂದು ಸಂವಿಧಾನದ 195ನೇ ವಿಧಿ ಹೇಳುತ್ತದೆ. 2022ರ ಫೆಬ್ರುವರಿಯಲ್ಲಿ ನಮ್ಮ ಶಾಸಕರ ತಿಂಗಳ ಸಂಬಳ 25 ಸಾವಿರದಿಂದ 40 ಸಾವಿರಕ್ಕೇರಿತು. 2025ರ ಮಾರ್ಚ್‌ನಲ್ಲಿ 80 ಸಾವಿರಕ್ಕೆ. ಎರಡು ಸಲವೂ ಸದನದಲ್ಲಿ ಭಾರೀ ಗದ್ದಲ, ಬೇರೆ ಬೇರೆ ವಿಷಯಕ್ಕೆ. ಸಂಬಳದ ಮಸೂದೆಗೆ ಮಾತ್ರ ಚರ್ಚೆಯ ಕಾಟವಿರಲಿಲ್ಲ. ಮೊದಲ ಸಲ ನಿಮ್ಮ ಪಕ್ಷ ಬಿಜೆಪಿಯ ಸರ್ಕಾರ, ಎರಡನೆಯ ಸಲ ಕಾಂಗ್ರೆಸ್ಸಿನದು. ಪಕ್ಷಭೇದ ಮರೆತು ದುಡಿಯಿರಿ ಎಂದು ಹಿರಿಯರು ಹೇಳುವುದು ಇದನ್ನೇ ಇರಬೇಕು.

ಈ ಪತ್ರದ ಒಂದು ಪ್ರತಿಯನ್ನು ಈಗಿನ ಶಾಸಕ ಕಿರಣ್ ಕುಮಾರ್ ಕೊಡ್ಗಿಯವರಿಗೂ ಕಳಿಸುತ್ತಿದ್ದೇನೆ. ಜೊತೆಗೆ ನಮ್ಮನೆ ರಸ್ತೆಯ ಹೊಂಡದ ಅರ್ಜಿಯನ್ನೂ ಇಟ್ಟಿದ್ದೇನೆ. ಮೊದಲು ಹೊಂಡದ್ದನ್ನು ನೋಡಿ, ಸಮಿತಿಯದ್ದಕ್ಕೆ ಅವಸರವಿಲ್ಲ ಎಂದು ಲಕೋಟೆಯ ಮೇಲೆ ಬರೆದಿದ್ದೇನೆ.

ಇಂತಿ,
ಹಾಲಾಡಿಯ ಒಬ್ಬ ಮತದಾರ